ಓಬಕ್ಕನ ಸೇರು, ಅರುಣನ ಷೇರು

ದಾವಣಗೆರೆಯಲ್ಲಿ ಮಂಡಕ್ಕಿಗೆ ದುಡ್ಡು ಕೊಡಬೇಕು, ಅಭಿಪ್ರಾಯ ಮಾತ್ರ ಪುಕ್ಕಟೆ ಸಿಗುತ್ತದೆ. ನಂಬದಿದ್ದರೆ ಒಂದು ಸಂಜೆ ಮಂಡಿಪೇಟೆ ತಿರುವಿನ ಅರುಣ್ ಕುಮಾರನ ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಹೋಗಿ ನಿಲ್ಲಿ. ಯಾವ ಸರ್ಕಾರ ಬೀಳುತ್ತದೆ, ಯಾವ ಮಂತ್ರಿ ಏಳುತ್ತಾನೆ, ಯಾವ ದೇಶ ನಮ್ಮವರಿಗೆ ವೀಸಾ ಬಂದ್ ಮಾಡುತ್ತದೆ, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತದೆ. ದೆಹಲಿಗೆ ಸುದ್ದಿ ಆಮೇಲೆ ಹೋಗುತ್ತದೆ.

ಅಂಗಡಿಯ ಖಾಯಂ ಗಿರಾಕಿ ಕೆಂಚವೀರಪ್ಪ. ಮಂಡಿಪೇಟೆಯಲ್ಲಿ ಶೇಂಗಾ, ಪುಠಾಣಿಯ ಸಗಟು ವ್ಯಾಪಾರ, ಕೆ.ಬಿ. ಬಡಾವಣೆಯಲ್ಲಿ ಸ್ವಂತ ಮನೆ. ಅರುಣನದು ಒಂದು ಪಕ್ಷ, ಕೆಂಚವೀರಪ್ಪನದು ಅದರ ಎದುರು ಪಕ್ಷ. ಇಬ್ಬರೂ ದಿನಾ ಜಗಳ ಆಡುತ್ತಾರೆ, ಜಗಳ ಆಡದ ದಿನ ಇಬ್ಬರಿಗೂ ಊಟ ಸೇರುವುದಿಲ್ಲ.

"ಈ ಸಲ ನಿಮ್ಮೋರಿಗೆ ಠೇವಣಿನೂ ಉಳಿಯಲ್ಲ ನೋಡ್ರಿ ಸಾಹುಕಾರ್ರೆ."

"ನಿಮ್ಮೋರು ಮೊದ್ಲು ಈ ರಸ್ತೆ ಗುಂಡಿ ಮುಚ್ಚಲಿ. ಅದಿರಲಿ, ಮಿರ್ಚಿ ಬಿಸಿ ಐತೇನು?"

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ರಾಗ. ಎದುರುಗಡೆ ಉತ್ತರ ಪ್ರದೇಶದ ಮುನ್ನಾಲಾಲ್ ಪಾನಿಪುರಿ ಗಾಡಿ ಇಟ್ಟುಕೊಂಡಿದ್ದ. ಅದನ್ನು ಕಂಡರೆ ಅರುಣನಿಗೆ ಎಣ್ಣೆಗಿಂತ ಮೊದಲು ಮೈ ಕಾಯುತ್ತಿತ್ತು.

"ಹೊರಗಿನೋರ್ನ ನಂಬಾಕ ಆಗಲ್ರಿ. ಎಲ್ಲಿಂದ ಬಂದಾರೋ, ಯಾವಾಗ ಗಂಟು ಕಟ್ತಾರೋ!"

"ಖರೆ ಮಾತು," ಎಂದು ಕೆಂಚವೀರಪ್ಪ ತಲೆಯಾಡಿಸುತ್ತಿದ್ದ.

ಮಿರ್ಚಿ ಕರಿಯುತ್ತಿದ್ದ ಅರುಣನ ಹೆಂಡತಿ ನೇತ್ರಾವತಿ ಜಾಲರಿ ಸೌಟು ಎತ್ತಿ ಹೇಳುತ್ತಿದ್ದಳು: "ಆ ಮನುಷ್ಯ ದಿನಾ ನಮ್ಮಂಗಡಿ ಮಂಡಕ್ಕಿನೇ ಒಯ್ತಾನೆ. ಬೆಳಿಗ್ಗೆ ಬಂದು ನಮ್ಮ ಬಾಗ್ಲು ಮುಂದೂ ಗುಡಿಸ್ತಾನೆ. ನೀವಿಬ್ರೂ ಒಂದಿನ ಪೊರಕೆ ಹಿಡಿದೀರೇನ್ರಿ?" ಆಗ ಇಬ್ಬರಿಗೂ ತಟ್ಟನೆ ರಾಜಕೀಯ ನೆನಪಾಗುತ್ತಿತ್ತು.

ನೇತ್ರಾವತಿಗೆ ಒಂದು ಆಸೆಯಿತ್ತು. ಅವಳ ಕೈಯ ಖಾರ ಮಂಡಕ್ಕಿಗೆ ಊರೆಲ್ಲ ಹೆಸರು. ಅದನ್ನು ಪೊಟ್ಟಣ ಕಟ್ಟುವ ಒಂದು ಯಂತ್ರ ತಂದರೆ ಬಸ್ ಸ್ಟ್ಯಾಂಡಿಗೂ ಬೇರೆ ಊರಿಗೂ ಕಳಿಸಬಹುದು. ಅದಕ್ಕೆಂದೇ ಅವಳೂ ಹರಿಹರದಲ್ಲಿರುವ ಅತ್ತೆ ಓಬಕ್ಕನೂ ವರ್ಷಗಟ್ಟಲೆ ಕೂಡಿಸಿ, ಓಬಕ್ಕನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಓಬಕ್ಕ ಸಹಿ ಹಾಕದೆ ಅದರಲ್ಲಿ ಒಂದು ರೂಪಾಯಿ ಅಲ್ಲಾಡುವಂತಿರಲಿಲ್ಲ.

ಆ ಹಣದ ಮೇಲೆ ಈಗ ಅರುಣನ ಕಣ್ಣು ಬಿದ್ದಿತ್ತು. ಪಾಪ, ಕೆಟ್ಟ ಬುದ್ಧಿಯಿಂದಲ್ಲ. ಯಾರೋ ಅವನನ್ನು ಫೋನಿನಲ್ಲಿ ಒಂದು ಷೇರು ಗುಂಪಿಗೆ ಸೇರಿಸಿದ್ದರು. ಅಲ್ಲಿ 'ಪ್ರೊಫೆಸರ್' ಎಂಬೊಬ್ಬ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಒಂದು ಭವಿಷ್ಯ ಹಾಕುತ್ತಿದ್ದ. ಇಂಥ ಪಕ್ಷ ಗೆದ್ದೇ ಗೆಲ್ಲುತ್ತದೆ, ಆದ್ದರಿಂದ ಇಂಥ ಕಂಪನಿ ಷೇರು ಏರುತ್ತದೆ. ಇಂಥ ದೇಶ ವೀಸಾ ಬಿಗಿ ಮಾಡುತ್ತದೆ, ಆದ್ದರಿಂದ ಇಂಥದ್ದು ಇಳಿಯುತ್ತದೆ. ಅವನ ಮಾತೆಲ್ಲ ಅರುಣನ ಮನಸ್ಸಿನ ಮಾತೇ. ರಾಜಕೀಯ ಇಷ್ಟು ಸರಿಯಾಗಿ ತಿಳಿದವನಿಗೆ ಷೇರು ತಿಳಿಯದೆ ಇರುತ್ತದೆಯೇ? ಅರುಣ ಪ್ರೊಫೆಸರ್ ಹೇಳಿದ ಆ್ಯಪ್ ಹಾಕಿಕೊಂಡ, ಪ್ರೊಫೆಸರ್ ಹೇಳಿದ ಖಾತೆಗೆ ಒಂದಿಷ್ಟು ಹಣ ಕಳಿಸಿದ. ಎರಡೇ ವಾರಕ್ಕೆ ಆ್ಯಪ್‌ನಲ್ಲಿ ಅದು ನಾಲ್ಕು ಪಟ್ಟಾಗಿ ಹಸಿರು ಅಂಕಿಯಲ್ಲಿ ಹೊಳೆಯುತ್ತಿತ್ತು. ಈಗ ದೊಡ್ಡ ಮೊತ್ತ ಹಾಕಿದರೆ 'ವಿಐಪಿ ಖಾತೆ', ಅದೂ ಎರಡು ದಿನದೊಳಗೆ ಎಂದು ಪ್ರೊಫೆಸರ್ ಅವಸರ ಮಾಡುತ್ತಿದ್ದ.

ಮರುದಿನ ಅಮಾವಾಸ್ಯೆ. ಉಕ್ಕಡಗಾತ್ರಿ ಕರಿಬಸವೇಶ್ವರನ ದರ್ಶನಕ್ಕೆ ಅರುಣ, ನೇತ್ರಾವತಿ ಇಬ್ಬರೂ ಕೆಂಚವೀರಪ್ಪನ ಜೊತೆ ಅವನ ಕಾರಿನಲ್ಲಿ ಹೋಗಿಬಂದರು. ಬರುವಾಗ ಊಟಕ್ಕೆ ಹರಿಹರದಲ್ಲಿ ಓಬಕ್ಕನ ಮನೆಯಲ್ಲಿ ಇಳಿದರು. ಪಕ್ಕದ ಮನೆಯ ವಾಣಿಶ್ರೀಯೂ ಅಲ್ಲಿದ್ದಳು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಬ್ಯಾಂಕಿನ ವ್ಯವಹಾರ, ಉಳಿತಾಯ ಹೇಳಿಕೊಡುವುದು ಅವಳ ಕೆಲಸ.

ಓಬಕ್ಕ ಒಂದು ಕಾಲಕ್ಕೆ ಮಂಡಕ್ಕಿ ಭಟ್ಟಿಯಲ್ಲಿ ಅಳೆಯುವ ಕೆಲಸ ಮಾಡಿದವಳು. ಅವಳು ಕೈಯಲ್ಲಿ ಸೇರು ಹಿಡಿದು ಅಳೆಯದ ಮಂಡಕ್ಕಿ ಊರಲ್ಲೇ ಇರಲಿಲ್ಲ ಎನ್ನಬೇಕು. ಕಿವಿ ಮಾತ್ರ ಈಗ ಸ್ವಲ್ಪ ಮಂದ. ಊಟ ಆದಮೇಲೆ ಅರುಣ ಗಂಟಲು ಸರಿಮಾಡಿಕೊಂಡ.

"ಯವ್ವಾ, ನಾಳೆ ಬ್ಯಾಂಕಿಗೆ ಬಂದು ಒಂದು ಸಹಿ ಹಾಕು. ಆ ಯಂತ್ರದ ದುಡ್ಡು ಷೇರಿಗೆ ಹಾಕ್ತೀನಿ. ಒಂದು ಯಂತ್ರ ಅಲ್ಲ, ನೇತ್ರಾಗೆ ನಾಲ್ಕು ಯಂತ್ರ ತಂದು ಕೊಡ್ತೀನಿ."

ನೇತ್ರಾವತಿಯ ಕೈಯಲ್ಲಿದ್ದ ತಾಂಬೂಲದ ತಟ್ಟೆ ಅಲ್ಲೇ ನಿಂತಿತು. "ನನ್ನ ಒಂದು ಮಾತು ಕೇಳ್ಬೇಕು ಅನಿಸಲಿಲ್ಲ ಅಲ್ವಾ ನಿಮ್ಗೆ?" ಎಂದಳು. ಅರುಣ ಅವಳ ಕಣ್ಣು ತಪ್ಪಿಸಿದ. ಆದರೂ ಹಸಿರು ಅಂಕಿ ಕಣ್ಣ ಮುಂದೆ ಕುಣಿಯುತ್ತಿತ್ತಲ್ಲ, ಸುಮ್ಮನಾಗಲಿಲ್ಲ.

ಓಬಕ್ಕನ ಮುಖ ಮಾತ್ರ ಅರಳಿತ್ತು. "ಸೇರಿಗೆ ಹಾಕ್ತೀಯಾ? ಹಾಕು ಹಾಕು. ಮಂಡಕ್ಕಿ ಸೇರೋ, ಅಕ್ಕಿ ಸೇರೋ?"

"ಸೇರು ಅಲ್ಲ ಯವ್ವಾ, ಷೇರು! ಏರ್ತಾವೆ, ಇಳಿತಾವೆ ಅವು."

"ಗೊತ್ತು ಬಿಡೋ. ಮೇಲೆ ಗೋಪುರ ಕಟ್ಟಿ ಅಳದ್ರೆ ಏರ್ತಾವೆ, ಅಂಗೈಲಿ ಸವರಿದ್ರೆ ಇಳಿತಾವೆ. ನನ್ಗೇ ಹೇಳ್ಕೊಡ್ತೀಯಾ?"

ವಾಣಿಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೆಂಚವೀರಪ್ಪ ಕೆಮ್ಮಿದಂತೆ ಮಾಡಿದ.

"ಈಗಾಗ್ಲೇ ನನ್ಹತ್ರ ನಾಲ್ಕು ಪಟ್ಟು ಆಗೈತೆ ಯವ್ವಾ," ಎಂದ ಅರುಣ ಫೋನು ಹಿಡಿದು.

"ಆಗೈತಾ? ಹಂಗಾದ್ರೆ ಒಂದು ಸೇರು ತಂದು ಇಲ್ಲಿ ಸುರಿ. ಕಣ್ಣಿಂದ ನೋಡ್ತೀನಿ. ಆಮ್ಯಾಲೆ ಸಹಿ."

"ಅದು ಫೋನಾಗೆ ಇರ್ತೈತೆ. ಸುರಿಯಾಕ ಬರಲ್ಲ."

"ಅಳದ್ ಮಾಲು ಸುರಿಯಾಕ ಬರಲ್ಲಂದ್ರೆ ಅದ್ಯಾವ ಸೌದಾನೋ? ಸುರಿ ಅಂದ್ರೆ ಸುರಿ!"

ಓಬಕ್ಕ ಹಟ ಹಿಡಿದರೆ ತುಂಗಭದ್ರೆಯೇ ಸುತ್ತು ಹಾಕಿ ಹೋಗಬೇಕು. ಅರುಣ ಸೋತ. "ಆತು, ಸ್ವಲ್ಪ ದುಡ್ಡು ಈಗ್ಲೇ ನನ್ನ ಖಾತೆಗೆ ತರಿಸಿ ತೋರಿಸ್ತೀನಿ," ಎಂದು ಆ್ಯಪ್‌ನಲ್ಲಿ ಹಣ ಹಿಂಪಡೆಯುವ ಗುಂಡಿ ಒತ್ತಿದ. ಎರಡು ವಾರದಲ್ಲಿ ಅದನ್ನು ಒತ್ತಿದ್ದು ಅದೇ ಮೊದಲು. ಫೋನಿನಲ್ಲಿ ಒಂದು ಚಕ್ರ ಸ್ವಲ್ಪ ಹೊತ್ತು ಗಿರಗಿರ ತಿರುಗಿತು. ಆಮೇಲೆ ಪ್ರೊಫೆಸರನದೇ ಸಂದೇಶ ಬಂತು: ಹಣ ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟಬೇಕು, ಈ ಖಾತೆಗೆ ಕಳಿಸಿ.

ವಾಣಿಶ್ರೀಯ ನಗು ನಿಂತಿತು. "ಅಣ್ಣ, ಫೋನು ಇಲ್ಲಿ ಕೊಡ್ರಿ," ಎಂದು ಕೈಚಾಚಿದಳು. "ನಮ್ಮ ದುಡ್ಡು ನಾವು ತಗೊಳ್ಳಾಕ ಮತ್ತೆ ದುಡ್ಡು ಕಳಿಸ್ರಿ ಅಂದ್ರೆ ಅದು ಧೋಕಾ. ಈ ಖಾತೆ ನೋಡ್ರಿ, ಯಾವುದೋ ಒಬ್ಬ ಮನುಷ್ಯನ ಹೆಸರಾಗೈತೆ. ಖರೆ ಷೇರು ದಲ್ಲಾಳಿ ಹಿಂಗೆ ಕೇಳಲ್ಲ."

"ಛೆ, ಛೆ! ನಮ್ಮ ಪ್ರೊಫೆಸರು ಅಂಥೋರಲ್ಲ. ಅವ್ರು ನಮ್ಮ ಪಕ್ಷದೋರು!" ಎಂದ ಅರುಣ. ಬೆವರು ಮಾತ್ರ ಹಣೆಯಿಂದ ಇಳಿಯುತ್ತಿತ್ತು.

ಪಕ್ಷ ಎಂಬ ಮಾತು ಬಿದ್ದಮೇಲೆ ಕೆಂಚವೀರಪ್ಪ ಸುಮ್ಮನಿರುತ್ತಾನೆಯೇ? "ಎಲ್ಲಿ, ಯಾವ ಪ್ರೊಫೆಸರೋ ನೋಡೋಣ," ಎಂದು ಕನ್ನಡಕ ಏರಿಸಿ ಬಗ್ಗಿದ. ಬಗ್ಗಿದವನು ಹಾಗೇ ಕಲ್ಲಾದ. ಮೆಲ್ಲಗೆ ಕೋಟಿನ ಜೇಬಿನಿಂದ ತನ್ನ ಫೋನು ತೆಗೆದು ಅರುಣನ ಫೋನಿನ ಪಕ್ಕ ಇಟ್ಟ.

ಅಲ್ಲೂ ಅದೇ ಮುಖ, ಅದೇ ಟೈ, ಅದೇ ಹೂವಿನ ಚಿತ್ರ. ಅರುಣನ ಫೋನಿನಲ್ಲಿ ಪ್ರೊಫೆಸರ್ ಅರುಣನ ಪಕ್ಷ ಗೆಲ್ಲುತ್ತದೆ ಎಂದು ಬರೆದಿದ್ದ. ಕೆಂಚವೀರಪ್ಪನ ಫೋನಿನ ಬೇರೊಂದು ಗುಂಪಿನಲ್ಲಿ ಅದೇ ಬೆಳಿಗ್ಗೆ, ಅದೇ ಪ್ರೊಫೆಸರ್, ಅರುಣನ ಪಕ್ಷ ನೆಲ ಕಚ್ಚುತ್ತದೆ ಎಂದು ಬರೆದಿದ್ದ. ಕೊನೆಗೆ ಇಬ್ಬರಿಗೂ ಒಂದೇ ಸಾಲು: ನಾಳೆ ಸಂಜೆಯೊಳಗೆ ಹಣ ಹಾಕಿ.

"ಸಾಹುಕಾರ್ರೆ, ನೀವೂನಾ?" ಎಂದ ಅರುಣ.

"ಏನ್ ಮಾಡ್ಲಿ ಮಾರಾಯ, ನೀನು ದಿನಾ ಎದುರು ಮಾತಾಡ್ತಿದ್ದಿ. ಇವನು ನಾನು ಅಂದಿದ್ದಕ್ಕೆಲ್ಲ ಹೌದು ಹೌದು ಅಂದ. ಖುಷಿ ಆತು. ಇವತ್ತು ಬೆಳಿಗ್ಗೆನೂ ಕಳಿಸೀನಿ," ಎಂದು ಕೆಂಚವೀರಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

ಇಷ್ಟು ಹೊತ್ತು ಮುಖ ಊದಿಸಿಕೊಂಡಿದ್ದ ನೇತ್ರಾವತಿಗೆ ಈಗ ತಡೆಯಲಾಗಲಿಲ್ಲ. "ಹೊರಗಿನೋರ್ನ ನಂಬಬಾರ್ದು ಅಂತಿದ್ರಲ್ಲ? ಮುನ್ನಾಲಾಲ್ ದಿನಾ ಕಣ್ಣೆದುರಿಗೆ ನಿಂತಿರ್ತಾನೆ, ಅವ್ನ ಮ್ಯಾಲೆ ಅನುಮಾನ. ಊರಿಲ್ಲ, ಕೇರಿಲ್ಲ, ಮುಖ ಕಂಡಿಲ್ಲ, ಅಂಥೋನಿಗೆ ಇಬ್ರೂ ಗಲ್ಲಾ ಪೆಟ್ಟಿಗೇನೇ ತಗದು ಕೊಟ್ರಿ!"

ಮೊದಲು ನಕ್ಕಿದ್ದು ಅರುಣನೇ. ನಾಚಿಕೆಯಾಗಿತ್ತು, ದುಃಖವೂ ಆಗಿತ್ತು, ಆದರೆ ಆ ಎರಡು ಫೋನುಗಳನ್ನು ಜೋಡಿಯಾಗಿ ನೋಡಿದರೆ ಯಾರಿಗಾದರೂ ನಗು ಬರಬೇಕು. ಆಮೇಲೆ ಕೆಂಚವೀರಪ್ಪ ನಕ್ಕ. ಏನೂ ಅರ್ಥವಾಗದೆ ಓಬಕ್ಕನೂ ನಕ್ಕಳು.

ವಾಣಿಶ್ರೀ ಮಾತ್ರ ಅವಸರ ಮಾಡಿದಳು. "ನಗೋದು ಆಮ್ಯಾಲೆ. ಮೊದ್ಲು ಇಬ್ರೂ ಒಂದು, ಒಂಬತ್ತು, ಮೂರು, ಸೊನ್ನೆ, ಈ ನಂಬರಿಗೆ ಫೋನ್ ಮಾಡ್ರಿ. ಸೈಬರ್ ಮೋಸದ ಸಹಾಯವಾಣಿ. ಎಷ್ಟು ಜಲ್ದಿ ಹೇಳ್ತೀರೋ, ದುಡ್ಡು ದಾರಿಯಾಗೆ ತಡೆಯಾಕ ಅಷ್ಟು ಅವಕಾಶ. ಆ್ಯಪ್ ಅಳಿಸಬ್ಯಾಡ್ರಿ, ಸಂದೇಶದ ಫೋಟೊ ತಗದು ಇಟ್ಕೊಳ್ರಿ."

ಇಬ್ಬರೂ ದೂರು ಕೊಟ್ಟು ಬಂದು ಕುಳಿತರು. ಅರುಣ ಸಣ್ಣ ದನಿಯಲ್ಲಿ ಕೇಳಿದ: "ಹಂಗಾದ್ರೆ ಷೇರು ಅನ್ನೋದೇ ಮೋಸಾನಾ ತಂಗಿ?"

"ಮೋಸ ಅಲ್ಲಣ್ಣ. ಷೇರು ಅಂದ್ರೆ ಒಂದು ಕಂಪನಿಯಾಗೆ ಸಣ್ಣ ಪಾಲು. ಕಂಪನಿ ಚೆನ್ನಾಗಿ ನಡದ್ರೆ ಪಾಲು ಬೆಳೀತೈತೆ, ಮುಳುಗಿದ್ರೆ ಅದೂ ಮುಳುಗ್ತೈತೆ. ಯಾರೂ ಖಾತ್ರಿ ಕೊಡಾಕ ಆಗಲ್ಲ. ಕೊಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬರ್ರಿ."

"ನಾವು ರಾಜಕೀಯ ಅಷ್ಟು ತಿಳ್ಕೊಂಡೀವಲ್ಲ, ಅದು ಉಪಯೋಗಕ್ಕೆ ಬರಲ್ಲೇನು?" ಇದು ಕೆಂಚವೀರಪ್ಪನ ಪ್ರಶ್ನೆ.

"ನಿಮ್ಮ ಪಕ್ಷ ಗೆದ್ರೆ ನಿಮಗೆ ಖುಷಿ ಆಗ್ತೈತೆ, ಷೇರಿಗೇನು? ಯಾವ ದೇಶ ಯಾರ್ನ ಒಳಗೆ ಬಿಡ್ತೈತೆ, ಯಾರ್ನ ಹೊರಗೆ ಹಾಕ್ತೈತೆ ಅನ್ನೋದು ಪೇಪರ್ ಓದಿ ಮಾತಾಡಾಕ ಚೆಂದ. ಅದ್ನೇ ನಂಬಿ ಬೆಳಿಗ್ಗೆ ತಗಂಡು ಸಂಜೆ ಮಾರೋದು ಬ್ಯಾಡ್ರಿ. ಮುಂದಿನ ದರದ ಮೇಲೆ ಪಣ ಕಟ್ಟೋ ಫ್ಯೂಚರ್ಸ್, ಆಪ್ಷನ್ಸ್ ಅಂತ ಬರ್ತಾವಲ್ಲ, ಅದ್ರಾಗೆ ಹತ್ತು ಜನ್ರಲ್ಲಿ ಒಂಬತ್ತು ಜನ ಕಳ್ಕೊಂಡಾರೆ ಅಂತ ಷೇರು ಪೇಟೆ ಕಾಯೋ ಸರ್ಕಾರಿ ಸಂಸ್ಥೆ ಸೆಬಿಯೋರೇ ಲೆಕ್ಕ ಹಾಕಿ ಹೇಳ್ಯಾರೆ. ಆಸಕ್ತಿ ಇದ್ರೆ ಕಲೀರಿ. ಸೆಬಿ ನೋಂದಣಿ ಇರೋ ದಲ್ಲಾಳಿ ಕಡೆಯಿಂದ, ಹೋದ್ರೂ ಮನೆ ನಡೆಯಾಕ ಅಡ್ಡಿ ಆಗದಷ್ಟು ದುಡ್ಡಿನಾಗೆ ಮಾಡ್ರಿ. ಯಂತ್ರದ ದುಡ್ಡು ಯಂತ್ರಕ್ಕೇ ಇರಲಿ."

ಅರುಣ ಎದ್ದು ಹೆಂಡತಿಯ ಹತ್ತಿರ ಹೋದ. "ತಪ್ಪಾತು ನೇತ್ರಾ. ನಾಳೆ ಬ್ಯಾಂಕಿಗೆ ನೀನೇ ಯವ್ವನ್ನ ಕರ್ಕಂಡು ಹೋಗು. ನಾನು ಮಿರ್ಚಿ ಕರಿತಾ ಕೂಡ್ತೀನಿ."

"ಕರೀರಿ. ಹೊತ್ತಿಸಬ್ಯಾಡ್ರಿ," ಎಂದಳು ಅವಳು. ಎಲ್ಲರೆದುರೂ ನಕ್ಕೇಬಿಟ್ಟಳು. ಅರುಣನಿಗೆ ಎದೆಯ ಮೇಲಿನ ಮೂಟೆ ಇಳಿಸಿದಂತಾಯಿತು.

ಕೆಂಚವೀರಪ್ಪ ಆ ಬೆಳಿಗ್ಗೆ ಕಳಿಸಿದ್ದ ಹಣ ದಾರಿಯಲ್ಲೇ ತಡೆಹಿಡಿಯಲ್ಪಟ್ಟಿತು. ಅವನು ಮೊದಲು ಕಳಿಸಿದ್ದೂ ಅರುಣನದೂ ಹಳೆಯದು, ಸಿಗಲಿಲ್ಲ. ಅರುಣ ಒಂದೆರಡು ದಿನ ಕೊರಗಿದ, ಆಮೇಲೆ ಅಂಗಡಿಗೆ ಬಂದವರಿಗೆಲ್ಲ ತಾನೇ ತನ್ನ ಕಥೆ ಹೇಳಿ ನಗಿಸತೊಡಗಿದ. ಆ ಕಥೆ ಕೇಳಿದ ಇಬ್ಬರು ಗಿರಾಕಿಗಳು ಅಂಥದೇ ಗುಂಪಿನಿಂದ ಅಲ್ಲೇ ಹೊರಗೆ ಬಂದರು.

ಯಂತ್ರವೂ ಬಂತು. ಅದಕ್ಕೆ ಹೂ ಮುಡಿಸಿ, ಕಾಯಿ ಒಡೆಸಿ, ಓಬಕ್ಕನ ಕೈಯಿಂದಲೇ ಗುಂಡಿ ಒತ್ತಿಸಿದರು. ಮೊದಲ ಪೊಟ್ಟಣ ಪುಸ್ಸೆಂದು ಉಬ್ಬಿ ಹೊರಬಿದ್ದಾಗ ಮುನ್ನಾಲಾಲ್ ಗಾಡಿ ಬಿಟ್ಟು ಬಂದು ಚಪ್ಪಾಳೆ ಹೊಡೆದ. ಅರುಣ ಮೊದಲ ಮಿರ್ಚಿಯನ್ನು ಅವನ ಕೈಗೇ ಇಟ್ಟ. ಅಷ್ಟರಲ್ಲಿ ಹೊಸ ಜಗಳ ಶುರುವಾಗಿತ್ತು. ಪೊಟ್ಟಣಕ್ಕೆ ಯಾವ ಬಣ್ಣ? ಅರುಣ ತನ್ನ ಪಕ್ಷದ ಬಣ್ಣ ಬೇಕೆಂದ. ಕೆಂಚವೀರಪ್ಪ, ಹಾಗಾದರೆ ನನ್ನ ಶೇಂಗಾ ಈ ಮಂಡಕ್ಕಿಗೆ ಬೀಳುವುದಿಲ್ಲ ಎಂದ. ನೇತ್ರಾವತಿ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡು ಗುಲಾಬಿ ಬಣ್ಣ ಹಾಕಿಸಿದಳು. ಈಗ ಎಲ್ಲ ಪಕ್ಷದವರೂ ಕೊಳ್ಳುತ್ತಾರೆ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಅಭಿಪ್ರಾಯ ನಿಮ್ಮದು, ಅದನ್ನು ಜೋರಾಗಿಯೇ ಹೇಳಿ. ಚುನಾವಣೆ ದಿನ ತಪ್ಪದೆ ಹೋಗಿ ಮತದ ಗುಂಡಿ ಒತ್ತಿ ಬನ್ನಿ. ಆದರೆ ಅಭಿಪ್ರಾಯವನ್ನು ನಂಬಿ ಮನೆಯ ಉಳಿತಾಯ ಪಣಕ್ಕಿಡಬೇಡಿ. ಫೋನಿನಲ್ಲಿ ಯಾರಾದರೂ ಖಾತ್ರಿ ಲಾಭ ಎಂದರೆ, ಅವಸರ ಮಾಡಿದರೆ, ಗುರುತಿಲ್ಲದ ಖಾತೆಗೆ ಹಣ ಕೇಳಿದರೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ನಾಚಿಕೆ ಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಯವರನ್ನು ಕೇಳದೆ ಮನೆಯ ಹಣ ಮುಟ್ಟಬೇಡಿ. ಮತ್ತೆ, ನೀವು ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನುವವನೊಬ್ಬ ನಿಮ್ಮ ದುಡ್ಡು ಕೇಳಿದ ದಿನ, ನಿಮ್ಮ ಜೊತೆ ದಿನಾ ಜಗಳ ಆಡುವ ಗೆಳೆಯನನ್ನು ಕರೆದು ಆ ಸಂದೇಶ ಒಮ್ಮೆ ತೋರಿಸಿ.