ಬಚ್ಚಲಿಗೊಂದು ಬಾಗಿಲು

ಪಾಲಯ್ಯನ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ಮೂರು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ನಾಲ್ಕನೆಯ ಕಡೆಗೆ ಹಳೆಯ ಸೀರೆ ಇಳಿಬಿಟ್ಟಿದ್ದರು. ಐಮಂಗಲದ ಸುತ್ತಮುತ್ತ ಆಷಾಢದ ಗಾಳಿ ಎಂದರೆ ಹುಡುಗಾಟವಲ್ಲ. ಪಾಲಯ್ಯನ ಮಗಳು, ಒಂಬತ್ತನೇ ಕ್ಲಾಸಿನ ಹೇಮಾವತಿ, ಒಂದು ಕೈಯಲ್ಲಿ ಸೀರೆಯ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹುಯ್ದುಕೊಳ್ಳುತ್ತಿದ್ದಳು. ಮುಟ್ಟಿನ ದಿನಗಳಲ್ಲಿ ಒಂದು ಕೈ ಸಾಲುತ್ತಿರಲಿಲ್ಲ. ಹಾಗಾಗಿ ತಿಂಗಳಿಗೆ ಎರಡು ದಿನ ಹೊಟ್ಟೆನೋವೆಂದು ಮಲಗಿ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಏಳುತ್ತಿದ್ದಳು.

ಈ ಸಲ ಹಾಗೆ ಮಲಗಿದ ದಿನವೇ ಗಣಿತದ ಪರೀಕ್ಷೆ ಮುಗಿದುಹೋಯಿತು. ಇನ್ನು ಹೀಗೆ ನಡೆಯುವುದಿಲ್ಲ ಎಂದು ಹೇಮ ಅವತ್ತೇ ಗಟ್ಟಿ ಮಾಡಿಕೊಂಡಳು.

ಬಚ್ಚಲಿಗೆ ಬಾಗಿಲು ಬೇಕೆಂದು ತನ್ನ ಅವ್ವ ಏಕಾಂತಮ್ಮನಿಗೆ ಹೇಳಿದಳು. ತಾನು ಮದುವೆಯಾಗಿ ಬಂದಾಗಿನಿಂದ ಅಲ್ಲೇ ಮಿಂದಿಲ್ಲವೇ, ಗಂಡಸರ ಕಿವಿಗೆ ಹಾಕುವ ಮಾತೇ ಇದು ಎಂದು ಅವ್ವ ಗದರಿದಳು.

ಪಾಲಯ್ಯ ಬಬ್ಬೂರು ಫಾರಂನಲ್ಲಿ ಕೂಲಿ. ಕೆಟ್ಟವನಲ್ಲ. ಆದರೆ ಮಗಳು ದೊಡ್ಡವಳಾದ ಮೇಲೆ ಅವಳೊಂದಿಗೆ ಮಾತೇ ಕಮ್ಮಿ ಮಾಡಿದ್ದ. ಪೆನ್ನು ಬೇಕೇ ಎಂಬುದನ್ನೂ ಹೆಂಡತಿಯ ಕೈಲಿ ಕೇಳಿಸುತ್ತಿದ್ದ. ಭಾನುವಾರ ಅವನು ಕುಡುಗೋಲಿಗೆ ಹಿಡಿ ಹಾಕುತ್ತಿದ್ದಾಗ ಹೇಮ ಎದುರಿಗೆ ಹೋಗಿ ನಿಂತಳು. ಗಾಳಿಗೆ ಬಚ್ಚಲಿನ ಸೀರೆ ನಿಲ್ಲುತ್ತಿಲ್ಲ ಎಂದಷ್ಟೇ ಬಾಯಿಗೆ ಬಂತು. ಅವನು ತಲೆಯಾಡಿಸಿದ. ಸಂಜೆ ಹಿರಿಯೂರಿನಿಂದ ದಪ್ಪ ಟಾರ್ಪಾಲು ತಂದು ಕಟ್ಟಿದ, ಕೆಳಗೆ ಕಲ್ಲು ಬಿಗಿದ, ಇನ್ನು ಅಲ್ಲಾಡಲಿ ನೋಡೋಣ ಎಂದು ಖುಷಿಪಟ್ಟ.

ಹೇಮಳಿಗೆ ಅಳುವೇ ಬಂತು. ಕೇಳಿದ್ದನ್ನು ಅಪ್ಪ ಕೊಟ್ಟಿದ್ದ. ಹೇಳದೆ ಉಳಿಸಿಕೊಂಡದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಬಾಗಿಲಲ್ಲಿ ನಿಂತಿದ್ದ ಅವ್ವ, ಸಾಕು ಒಳಗೆ ಬಾ ಎಂದು ಕಣ್ಸನ್ನೆ ಮಾಡಿದಳು. ಹೇಮ ಕದಲಲಿಲ್ಲ.

"ಅಪ್ಪಾ, ಟಾರ್ಪಾಲು ಸಾಲಲ್ಲ. ಬಾಗ್ಲು ಬೇಕು. ಒಳಗಿಂದ ಚಿಲಕ ಇರ್ಬೇಕು."

"ನಮ್ ಹಿತ್ಲಿಗೆ ಯಾರ್ ಬರ್ತಾರವ್ವ?"

"ಯಾರೂ ಬರ್ದಿದ್ರೂ ಬೇಕು. ಮುಟ್ಟಾದಾಗ ಬಟ್ಟೆ ಬದ್ಲಾಯಿಸ್ಕಬೇಕು, ತೊಳ್ಕಬೇಕು. ಎರಡೂ ಕೈ ಬೇಕಾಗ್ತವೆ. ಅದಕ್ಕೇ ಎರಡೆರಡು ದಿನ ಸ್ಕೂಲಿಗೆ ಹೋಗ್ತಿಲ್ಲ ನಾನು. ಹೊಟ್ಟೆನೋವು ಸುಳ್ಳು."

ಅವಳ ಕಿವಿ ಕಾದುಹೋಗಿದ್ದವು, ಆದರೂ ತಲೆ ತಗ್ಗಿಸಲಿಲ್ಲ. ತಗ್ಗಿಸಿದವನು ಪಾಲಯ್ಯ. ಕಾಲಬೆರಳಿನಿಂದ ಮಣ್ಣು ಕೆದರಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿಂಗೂ ಹಿಂಗೇನಾ?" ಎಂದ.

ಏಕಾಂತಮ್ಮ ಒಳಗೆ ಹೋದಳು.

ಶನಿವಾರ ವೆಲ್ಡಿಂಗ್ ಮುರುಗಪ್ಪ ತಗಡಿನ ಬಾಗಿಲು ತಂದು ನಿಲ್ಲಿಸಿದ. ನಾಯಿ ನುಗ್ಗದಿರಲೆಂದು ಚಿಲಕವನ್ನು ಹೊರಗಡೆ ಕೂರಿಸಲು ಹೊರಟವನನ್ನು ಹೇಮ ತಡೆದು, ಒಳಗಡೆ ಹಾಕಿ ಎಂದಳು. ಮುರುಗಪ್ಪ ಮನೆಯ ಯಜಮಾನನ ಮುಖ ನೋಡಿದ.

"ಅವ್ಳು ಹೇಳ್ದಂಗೆ ಮಾಡಪ್ಪ," ಎಂದ ಪಾಲಯ್ಯ.

ಮರುದಿನ ಬೆಳಿಗ್ಗೆ ಹೇಮ ಟವೆಲು ಹಿಡಿದು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಒಳಗೆ ಅವ್ವ. ತಂಬಿಗೆಯ ನೀರು ನಿಧಾನವಾಗಿ ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಅವ್ವ ಅಷ್ಟು ಹೊತ್ತು ಮಿಂದದ್ದನ್ನು ಹೇಮ ಕಂಡಿರಲಿಲ್ಲ. ಕದ ತಟ್ಟಲು ಕೈಯೆತ್ತಿದಾಗ ಅಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದ:

"ಇರ್ಲಿ ಬಿಡವ್ವ. ಅವಸ್ರ ಮಾಡ್ಬ್ಯಾಡ."