ಮೊದಲ ವಾರದ ರಕ್ತ

ಮೂರನೇ ಮಹಡಿಯಿಂದ ಇಳಿಸುತ್ತಿದ್ದ ಸ್ಟ್ರೆಚರ್ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು.

"ಎತ್ತಿ... ಎತ್ತಿ ಅಂದ್ರೆ ಇಳಿಸ್ತೀರಲ್ರೀ!" ಎಂದು ಮಗಳು ಮೇಲಿನಿಂದ ಕೂಗಿದಳು. ಹದಿನಾಲ್ಕು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರಾಗಿರುವವಳು. ಅತ್ತು ಗಂಟಲು ಕಟ್ಟಿದ್ದರೂ ಅವಳ ದನಿ ಹಿಂದಿನ ಸೀಟಿನ ತನಕ ಕೇಳಿಸುವಂತಿತ್ತು.

"ಬೀರು ತಂದಾಗಲೂ ಇಲ್ಲೇ ಸಿಕ್ಕಿಕೊಂಡಿತ್ತು," ಎಂದರು ಸತ್ತವಳ ಅಕ್ಕ, ಮಗಳಿಗೆ ದೊಡ್ಡಮ್ಮ. "ಆವತ್ತು ಇವಳೇ ಕೆಳಗೆ ನಿಂತು ಎಲ್ಲರಿಗೂ ಆರ್ಡರ್ ಹಾಕಿದ್ದು. ಇವತ್ತು ಬಾಯೇ ಬಿಡ್ತಿಲ್ಲ ನೋಡು."

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಕೊನೆಗೆ ಲ್ಯಾಬಿನ ಟೆಕ್ನಿಷಿಯನ್ ಜನರ ಮಧ್ಯೆ ನುಸುಳಿ ಬಂದು, ತಲೆಯ ಕಡೆಯನ್ನು ಹೆಗಲಿಗೆ ಏರಿಸಿಕೊಂಡು ತಿರುವು ದಾಟಿಸಿದ. ಸತ್ತವಳ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದವನು ಅವನು. "ಇಷ್ಟು ಹಗುರ ಆಗಿದ್ರು ಅಂತ..." ಎಂದು ಶುರುಮಾಡಿದ ಮಾತನ್ನು ಅಲ್ಲೇ ಬಿಟ್ಟ.

ಎರಡು ತಿಂಗಳಲ್ಲಿ ಅವಳು ಹನ್ನೊಂದು ಕೆಜಿ ಇಳಿದಿದ್ದಳು. ಮೂರು ದಿನದ ಹಿಂದೆ, ಉಸಿರು ಸಾಲದೆ ಆಸ್ಪತ್ರೆ ಸೇರಿದಾಗ, ಎದೆಯ ಸ್ಕ್ಯಾನ್ ನೋಡಿದ ವೈದ್ಯೆ ಮಗಳನ್ನು ಗದರಿಸಿಯೇ ಕೇಳಿದ್ದಳು: "ಹೃದಯದ ಕವಾಟಕ್ಕೆ ಸೋಂಕು ಹತ್ತಿದೆ. ಹಲ್ಲು ಕೀಳಿಸಿದಾಗ ರಕ್ತಕ್ಕೆ ಸೇರಿರಬೇಕು. ಎರಡು ತಿಂಗಳು ಏನು ಮಾಡ್ತಿದ್ರಿ?"

ಎರಡು ತಿಂಗಳು ಅವಳು ಆತಂಕಕ್ಕೆ ಮಾತ್ರೆ ನುಂಗುತ್ತಿದ್ದಳು.

* * *

ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಇಲಿಯಕ್ಕ ಎನ್ನುತ್ತಿದ್ದರು. ನೆಲಮಾಳಿಗೆಯ ಪ್ರಾಣಿಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಬಿಳಿ ಇಲಿಗಳ ಗೂಡು ತೊಳೆದು, ಮರದ ಹೊಟ್ಟು ಬದಲಿಸಿ, ನೀರಿನ ಬಾಟಲಿ ತುಂಬಿದವಳು. ಹೊಸ ವಿದ್ಯಾರ್ಥಿಗಳು ಇಲಿಯಿಂದ ಕಚ್ಚಿಸಿಕೊಂಡು ಕಿರುಚಿದರೆ, "ಬಟ್ಟೆ ಹಿಂಡೋ ಹಂಗೆ ಹಿಡಿದ್ರೆ ಇನ್ನೇನು ಮುತ್ತು ಕೊಡುತ್ತಾ? ನನ್ನನ್ನ ಹಂಗೆ ಹಿಡಿದಿದ್ರೆ ನಾನೂ ಕಚ್ತಿದ್ದೆ," ಎನ್ನುವಳು.

ಈಗ ಎಲ್ಲರೂ ದೊಡ್ಡ ಸರ್ ಎನ್ನುವವರು ಆಗಿನ್ನೂ ದೊಡ್ಡವರಾಗಿರಲಿಲ್ಲ. ಆತಂಕದ ಕಾಯಿಲೆಗೆ ಔಷಧಿ ಹುಡುಕುತ್ತಿದ್ದ ಹೊಸ ವಿಜ್ಞಾನಿ. ದೊಡ್ಡ ಪೆಟ್ಟಿಗೆಯೊಂದರ ನಡುವೆ ಇಲಿಯನ್ನು ಬಿಟ್ಟು, ಅದು ಬಯಲಿನಲ್ಲಿ ಓಡಾಡುತ್ತದೋ ಹೆದರಿ ಮೂಲೆ ಸೇರುತ್ತದೋ ಎಂದು ನೋಡುವುದು ಅವರ ಪ್ರಯೋಗ. ಒಮ್ಮೆ ಆರನೇ ಸಾಲಿನ ಗೂಡುಗಳ ಇಲಿಗಳೆಲ್ಲ ಮೂಲೆ ಹಿಡಿದವು. ಔಷಧಿ ಕೊಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ. ಎರಡು ವರ್ಷದ ಕೆಲಸ ಮಣ್ಣುಪಾಲಾಯಿತೆಂದು ಸರ್ ತಲೆ ಮೇಲೆ ಕೈಹೊತ್ತು ಕೂತಿದ್ದರು.

"ಸರ್, ಅವು ಹೆದರಿಕೊಂಡಿಲ್ಲ," ಎಂದಳು ಇಲಿಯಕ್ಕ, ನೆಲ ಒರೆಸುತ್ತಲೇ. "ಅವಕ್ಕೆ ಹುಷಾರಿಲ್ಲ. ಕೂದಲು ನಿಮಿರಿದೆ ನೋಡಿ. ಎರಡು ದಿನದಿಂದ ಒಂದೂ ಹೊಟ್ಟು ಕೂಡಿಸಿಕೊಂಡು ಮಲಗಿಲ್ಲ. ಮೈಯಲ್ಲಿ ಜ್ವರ ಇಟ್ಕೊಂಡು ನಡುಬೀದಿಗೆ ಬರೋ ಧೈರ್ಯ ಯಾರಿಗಿರುತ್ತೆ?"

ಪರೀಕ್ಷಿಸಿದಾಗ ಇಲಿಗಳ ಶ್ವಾಸಕೋಶದಲ್ಲಿ ಸೋಂಕು ಕಂಡಿತು. ಮೈಗೆ ಹತ್ತಿದ ಸೋಂಕು ಮಿದುಳಿನಲ್ಲಿ ಭಯವನ್ನು ಹೇಗೆ ಎಬ್ಬಿಸುತ್ತದೆ ಎಂಬುದೇ ಮುಂದೆ ಸರ್ ಅವರ ಜೀವಮಾನದ ಕೆಲಸವಾಯಿತು. ಪ್ರಬಂಧಗಳು ಬಂದವು, ಪ್ರಶಸ್ತಿಗಳು ಬಂದವು. ಅವಳ ಹೆಸರು ಯಾವುದರಲ್ಲೂ ಬರಲಿಲ್ಲ.

"ಅವರಿಗೆ ಗೊತ್ತಲ್ಲ, ಅಷ್ಟು ಸಾಕು ಬಿಡು," ಎಂದಿದ್ದಳು ಮಗಳಿಗೆ.

* * *

ಸ್ಮಶಾನ ಊರಾಚೆ, ಮುಕ್ಕಾಲು ಗಂಟೆಯ ದಾರಿ. ವ್ಯಾನಿನಲ್ಲಿ ಅಮ್ಮನ ಒಂದು ಪಕ್ಕ ಮಗಳು, ಇನ್ನೊಂದು ಪಕ್ಕ ಟೆಕ್ನಿಷಿಯನ್. ದೊಡ್ಡಮ್ಮ ಮುಂದೆ ಡ್ರೈವರ್ ಪಕ್ಕ ಕೂತಿದ್ದರು.

"ನಂದೇ ತಪ್ಪು ಮಾವ," ಎಂದಳು ಮಗಳು. ಹೈಸ್ಕೂಲಿನ ದಿನಗಳಿಂದ ಅವನನ್ನು ಮಾವ ಎಂದೇ ಕರೆದವಳು. "ಕೊನೇ ವಾರ ರೇಗಿಬಿಟ್ಟೆ. 'ಎಲ್ಲ ನಿನ್ನ ಮನಸ್ಸಲ್ಲಿರೋದು, ಸುಮ್ನೆ ಮಲ್ಕೋ' ಅಂದುಬಿಟ್ಟೆ."

ಟೆಕ್ನಿಷಿಯನ್ ತನ್ನ ಬೂಟನ್ನೇ ನೋಡುತ್ತ ಕೂತಿದ್ದ.

"ನಿನ್ನ ತಪ್ಪಲ್ಲ. ನಿಂಗೊಂದು ವಿಷಯ ಹೇಳ್ಬೇಕು," ಎಂದ.

* * *

ಹಲ್ಲು ಕೀಳಿಸಿದ ಮೂರನೇ ವಾರದಿಂದ ಅವಳಿಗೆ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳತೊಡಗಿತ್ತು. ಲಿಫ್ಟಿನ ಬಾಗಿಲು ಮುಚ್ಚಿದರೆ ಕೈಕಾಲು ನಡುಗುತ್ತಿದ್ದವು. ಒಂದು ಮಧ್ಯಾಹ್ನ ಧೈರ್ಯ ಮಾಡಿ ದೊಡ್ಡ ಸರ್ ಕೋಣೆಗೆ ಹೋದಳು.

"ಭಯ ಆಗುತ್ತೆ ಸರ್. ಯಾತಕ್ಕೆ ಅಂತ ಗೊತ್ತಿಲ್ಲ. ಸಂಜೆ ಆದ್ರೆ ಮೈ ಬಿಸಿ ಇರುತ್ತೆ, ದಿಂಬು ಒದ್ದೆ ಆಗೋ ಅಷ್ಟು ಬೆವರು. ನಂಗೇನೋ ಇದು ನಮ್ಮ ಆರನೇ ಸಾಲಿನ ಥರಾನೇ ಅನ್ಸುತ್ತೆ."

ಸರ್ ನಕ್ಕರು. ಒಳ್ಳೆಯ ನಗೆಯೇ. "ನಿಮ್ಮನ್ನ ನಾವು ಇಲಿ ಮಾಡಿಬಿಟ್ವಾ? ಹಾಗೇನಿಲ್ಲಮ್ಮ. ಯಜಮಾನರು ಇಲ್ಲ, ಮಗಳು ದಿನವಿಡೀ ಬಸ್ಸಲ್ಲಿ, ಒಬ್ಬರೇ ಇರ್ತೀರಿ. ನಮ್ಮ ಹೊಸ ಮಾತ್ರೆಯ ಅಧ್ಯಯನಕ್ಕೆ ಸೇರ್ಕೊಳ್ಳಿ. ಅರವತ್ತು ಜನ ಬೇಕು, ಐವತ್ತೊಂಬತ್ತು ಆಗಿದ್ದಾರೆ. ಎಂಟು ವಾರ. ರಕ್ತ ಎಲ್ಲ ನಾವೇ ನೋಡ್ತೀವಿ. ನಿಮ್ಮನ್ನ ನಾನು ನೋಡ್ಕೊಳ್ಳಲ್ವಾ?"

ಅವಳು ಹಾಳೆಗಳಿಗೆಲ್ಲ ಸಹಿ ಹಾಕಿದಳು. ಓದಲು ಹೋದರೆ ನಂಬಿಕೆ ಇಲ್ಲವೆಂದಾಗುತ್ತದಲ್ಲ ಎಂದು ಓದಲಿಲ್ಲ.

ನಾಲ್ಕನೇ ವಾರಕ್ಕೆ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಬೇರೆ ಡಾಕ್ಟರ ಹತ್ತಿರ ಹೋಗೋಣ ಎಂದಳು ಮಗಳು.

"ಸರ್ ಬೇಜಾರ್ ಮಾಡ್ಕೋತಾರೆ ಕಣೇ. ಇಲಿಯ ಒಂದು ಹನಿ ರಕ್ತದಲ್ಲಿ ಸೋಂಕು ಹಿಡಿಯೋರು ಅವರು. ನನ್ನ ಮೈಯಲ್ಲಿ ಏನಾದ್ರೂ ಇದ್ರೆ ಹೇಳ್ದೆ ಇರ್ತಾರಾ?"

* * *

"ಮೊದಲ ವಾರದ ರಕ್ತ ತೆಗೆದಿದ್ದು ನಾನೇ," ಎಂದ ಟೆಕ್ನಿಷಿಯನ್. "ಸೋಂಕಿನ ಗುರುತು ಇರಬೇಕಾದ್ದಕ್ಕಿಂತ ಹದಿನೆಂಟು ಪಟ್ಟು ಇತ್ತು. ಅಂಥವರನ್ನ ಕೈಬಿಟ್ಟು ಆಸ್ಪತ್ರೆಗೆ ಕಳಿಸಬೇಕು ಅಂತ ನಮ್ಮ ನಿಯಮದಲ್ಲೇ ಬರೆದಿದೆ. ಹಾಳೆ ತಗೊಂಡು ಸರ್ ಹತ್ರ ಹೋದೆ."

"ಏನಂದ್ರು?"

"'ಹಲ್ಲು ಕೀಳಿಸಿದಾರಲ್ಲ, ಅದರದ್ದಿರುತ್ತೆ. ಈಗ ಒಬ್ಬರು ಹೋದ್ರೆ ಅರವತ್ತು ಆಗಲ್ಲ. ಎಂಟು ವಾರ ಮುಗೀಲಿ, ನೋಡೋಣ' ಅಂದ್ರು."

"ನೀವೇನು ಮಾಡಿದ್ರಿ?"

"ಫೈಲಿಗೆ ಹಾಕ್ದೆ."

ವ್ಯಾನ್ ಹಳ್ಳ ಹಾರಿತು. ಮಗಳು ತಟ್ಟನೆ ಅಮ್ಮನ ಭುಜ ಹಿಡಿದುಕೊಂಡಳು, ಎಲ್ಲಿ ಬಿದ್ದುಹೋಗುತ್ತಾಳೋ ಎನ್ನುವಂತೆ.

"ದಿನಾ ಹನ್ನೊಂದು ಗಂಟೆಗೆ ಅಮ್ಮನ ಜೊತೆ ಕೂತು ಟೀ ಕುಡೀತಿದ್ರಲ್ಲ ಮಾವ."

"ಕುಡೀತಿದ್ದೆ."

"ಅಮ್ಮ ಏನೂ ಕೇಳ್ತಿರ್ಲಿಲ್ವಾ?"

"ದಿನಾ ಕೇಳೋರು. 'ನನ್ನ ರಕ್ತ ಹೆಂಗಿದೆಯೋ?' ಅಂತ." ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು ಹೇಳಿದ. "'ಚೆನ್ನಾಗಿದೆ ಅಕ್ಕ' ಅಂತಿದ್ದೆ."

ಮುಂದಿನ ಸೀಟಿನಿಂದ ದೊಡ್ಡಮ್ಮ ತಿರುಗಿ ನೋಡಿದರು. ಮಗಳು ಅಮ್ಮನ ಭುಜದಿಂದ ಕೈ ತೆಗೆಯದೆ, "ಇದನ್ನ ಬರೆದು ಕೊಡ್ತೀರಾ? ಸಹಿ ಹಾಕಿ?" ಎಂದು ಕೇಳಿದಳು.

"ಕೆಲಸ ಹೋಗುತ್ತೆ," ಎಂದ ಅವನು. ಆಮೇಲೆ, "ಕೊಡ್ತೀನಿ," ಎಂದ.

ದೊಡ್ಡ ಸರ್ ಇವರಿಗಿಂತ ಮೊದಲೇ ಬಂದು ಗುಂಡಿಯ ಬಳಿ ನಿಂತಿದ್ದರು. ಸಂಸ್ಥೆಯ ಇಪ್ಪತ್ತು ಮೂವತ್ತು ಜನ ಅವರ ಹಿಂದೆ. ದೇಹವನ್ನು ಇಳಿಸಿದ ಮೇಲೆ ಅವರು ಎರಡು ಹೆಜ್ಜೆ ಮುಂದೆ ಬಂದರು.

"ಈಕೆ ನಮ್ಮ ಮನೆಯವರೇ ಆಗಿದ್ದರು. ತಮ್ಮ ಕೊನೆಯ ವಾರಗಳನ್ನೂ ವಿಜ್ಞಾನಕ್ಕೇ ಕೊಟ್ಟರು. ನಮ್ಮ ಮುಂದಿನ ಪ್ರಬಂಧವನ್ನು ಇವರ ಹೆಸರಿಗೆ ಅರ್ಪಿಸುತ್ತೇವೆ." ಅವರ ದನಿ ನಿಜಕ್ಕೂ ಒಡೆಯಿತು. ಕೆಲವರು ಕಣ್ಣೊರೆಸಿಕೊಂಡರು.

"ಸರ್," ಎಂದಳು ಮಗಳು. "ಅಮ್ಮನ ಮೊದಲ ವಾರದ ರಕ್ತದಲ್ಲಿ ಏನಿತ್ತು?"

ಎಲ್ಲರಿಗೂ ಕೇಳಿಸಿತು. ಅವಳ ದನಿಯೇ ಅಂಥದ್ದು.

ಸರ್ ಅವಳನ್ನು ನೋಡಲಿಲ್ಲ. ಟೆಕ್ನಿಷಿಯನ್‌ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಇದು ಅದಕ್ಕೆ ಸಮಯ ಅಲ್ಲಮ್ಮ," ಎಂದರು.

"ಎಂಟು ವಾರ ಮುಗೀತಲ್ಲ ಸರ್. ಮೊನ್ನೆಗೇ ಮುಗೀತು."

ಅವರ ಮುಖದ ಬಣ್ಣ ಇಳಿಯಿತು. "ನನಗೂ ಅವರು ಅಕ್ಕನ ಥರಾನೇ..." ಎಂದರು. ಗುಂಡಿ ತೋಡಿದ ಆಳು ಸಲಿಕೆಯನ್ನು ಮಗಳ ಕೈಗೆ ಕೊಟ್ಟ. ಅವಳು ಮೊದಲ ಮಣ್ಣು ಹಾಕಿದಳು. ಎರಡನೆಯದನ್ನೂ ಹಾಕಿದಳು. ಮೂರನೆಯದಕ್ಕೆ ದೊಡ್ಡ ಸರ್ ಕೋಟು ಬಿಚ್ಚಿ ಪಕ್ಕದವರ ಕೈಗಿತ್ತು, ತೋಳು ಮಡಚಿ, ಸಲಿಕೆಗಾಗಿ ಕೈ ಚಾಚಿದರು.

ಅವಳು ಸಲಿಕೆ ಬಿಡಲಿಲ್ಲ. ನಾಲ್ಕು, ಐದು, ಆರು. ಉಸಿರು ಏರಿತು, ಅಂಗೈ ಕಿತ್ತುಬಂತು. "ನಂಗಾದ್ರೂ ಕೊಡೇ," ಎಂದು ದೊಡ್ಡಮ್ಮ ಕೇಳಿದಾಗ ಮಾತ್ರ ಒಂದು ಸಲ ಕೊಟ್ಟು, ಮತ್ತೆ ಇಸಿದುಕೊಂಡಳು. ಸರ್ ಅವರ ಕೈ ಇನ್ನೂ ಚಾಚಿಕೊಂಡೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಹೊಳೆಯದೆ ಹೋದಂತಿತ್ತು.

ಗುಂಡಿಯ ಆಚೆ ಬದಿಯಲ್ಲಿ ಟೆಕ್ನಿಷಿಯನ್ ಮಂಡಿಯೂರಿದ. ಸಲಿಕೆ ಕೇಳಲಿಲ್ಲ. ಎರಡೂ ಕೈಯಿಂದ ಮಣ್ಣನ್ನು ಒಳಕ್ಕೆ ತಳ್ಳತೊಡಗಿದ, ಹೆಂಟೆಗಳನ್ನು ಬೆರಳಲ್ಲೇ ಪುಡಿಮಾಡಿ, ಅವಳ ಮೈಗೆ ಜೋರಾಗಿ ತಾಗದ ಹಾಗೆ, ಮೆಲ್ಲಗೆ.