ಕುಳ್ಳಿನ ಮೇಲಿನ ಕೆಂಡ

ಹೇಳಿಬಿಟ್ಟರೆ ಏನಾದೀತು? ಹೇಳದಿದ್ದರೆ ತಾನೇ ಯಾರು ಕೇಳುತ್ತಾರೆ? ಸಾಸ್ವೆಹಳ್ಳಿಯ ಮಲ್ಲೇಶಪ್ಪ ಸುಟ್ಟ ಅಂಗೈ ನೋಡಿಕೊಳ್ಳುತ್ತ ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದ.

ಅದು ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ. ಬೆಂಕಿಪೊಟ್ಟಣಕ್ಕೆ ಬರ. ಯಾರ ಒಲೆ ಮೊದಲು ಉರಿಯುತ್ತದೋ ಅವರ ಮನೆಯಿಂದ ಸಗಣಿಯ ಕುಳ್ಳಿನ ಮೇಲೆ ಕೆಂಡ ತರುವುದು ಊರಿನ ವಾಡಿಕೆ. ಎತ್ತುಗಳಿಗೆ ಲಾಳ ಹೊಡೆಯುವ ಬುಡನ್‌ಸಾಬರು ಪಕ್ಕದ ಮನೆಯವರು. ಮಲ್ಲೇಶಪ್ಪ ಅವರಿಂದ ಕೆಂಡ ತಂದು ಚಿಲುಮೆ ಹೊತ್ತಿಸಿ, ಕುಳ್ಳನ್ನು ತನ್ನ ಹುಲ್ಲಿನ ಬಣವೆಯ ಬುಡದಲ್ಲೇ ಮರೆತಿದ್ದ. ವರ್ಷದ ಮೇವು ಬೂದಿಯಾಯಿತು.

"ಸಾಬರೇ ಬೆಂಕಿ ಇಟ್ರಂತೆ" ಎಂದು ಯಾರೋ ಅಂದರು. ಎಲ್ಲೆಲ್ಲಿಂದಲೋ ಗಲಭೆಯ ಸುದ್ದಿ ಬರುತ್ತಿದ್ದ ಕಾಲ. ಊರು ನಂಬಿತು. ಬುಡನ್‌ಸಾಬರ ಹತ್ತಿರ ಯಾರೂ ಎತ್ತು ತರಬಾರದೆಂದು ಕಟ್ಟಪ್ಪಣೆಯಾಯಿತು. ಮಲ್ಲೇಶಪ್ಪ ಅಲ್ಲ ಎನ್ನಲಿಲ್ಲ.

ನಾಲ್ಕನೆಯ ದಿನ ಗಾಯ ಕಟ್ಟಲು ಮಿಷನ್ ಆಸ್ಪತ್ರೆಯ ನರ್ಸು ಸುಗುಣಮ್ಮ ಬಂದರು.

"ಕೈ ಹೆಂಗೆ ಸುಡ್ತು ಗೌಡ್ರೇ?"

"ಬಣವೆ ಆರಿಸಾಕೆ ಹೋಗಿ."

"ಅಂಗೈ ನಡುವೆ ದುಂಡಗೆ ಸುಟ್ಟೈತೆ. ಉರಿಯೋ ಕುಳ್ಳು ಹಿಡಿದು ಎಸೆದಂಗೆ ಐತೆ."

ಮಲ್ಲೇಶಪ್ಪ ಗೋಡೆ ನೋಡಿದ. ಹೆಂಡತಿ ಚೌಡಮ್ಮ ನಡುವೆ ಬಂದಳು. "ಸಾಬರು ಊರು ಬಿಟ್ರೆ ಬಿಡ್ಲಿ. ದೇವರನ್ನೇ ಬದಲಾಯಿಸಿದೋರು ನೀವು, ನಮ್ಮೂರ ಪಂಚಾಯ್ತಿ ನಿಮಗ್ಯಾಕ್ರೀ?"

"ಮುಲಾಮು ಹಚ್ಚಲಾ, ಬ್ಯಾಡ್ವಾ ಚೌಡಮ್ಮ?"

"ಹಚ್ರಿ, ಹಚ್ರಿ. ಮಾತಿಗೇನು ಕಮ್ಮಿ ಇಲ್ಲ."

ಸುಗುಣಮ್ಮ ನಕ್ಕರು. ಬಟ್ಟೆ ಸುತ್ತುತ್ತ ಹೇಳಿದರು. "ನಮ್ಮ ಬಿಳಿ ಡಾಕ್ಟರಮ್ಮ ಒಂದ್ಸಲ, ಔಷಧಿ ಕದ್ದೆ ಅಂತ ಎಲ್ಲರ ಮುಂದೆ ನನ್ನ ಬೈದ್ರು. ಆಮೇಲೆ ಸೀಸೆ ಅವರ ಪೆಟ್ಟಿಗೇಲೇ ಸಿಕ್ತು. ಯಾರಿಗೆ ಅನ್ಯಾಯ ಮಾಡಿದ್ವೋ ಅವರ ಹತ್ರ ರಾಜಿ ಆಗ್ದೆ ಪ್ರಾರ್ಥನೆಗೆ ನಿಲ್ಲಬಾರದು ಅಂತ ನಮ್ಮಲ್ಲಿ ಐತೆ. ಆ ದೊರೆಸಾನಿ ನಮ್ಮ ಕೇರಿಗೆ ಬಂದ್ರು. ಚಾಪೆ ಮ್ಯಾಲೆ ಕೂತು 'ತಪ್ಪಾಯ್ತು' ಅಂದ್ರು."

"ಮರ್ಯಾದೆ ಹೋಗ್ಲಿಲ್ವಾ ಅವರ್ದು?" ಮಲ್ಲೇಶಪ್ಪ ಕೇಳಿದ.

"ಹೋಗ್ತೈತೆ ಅಂತ ಅವರೂ ಹೆದರಿದ್ರು ಗೌಡ್ರೇ. ಮಾರನೇ ದಿನ ನೋಡಿದ್ರೆ ಎಲ್ಲಾ ಇದ್ದಲ್ಲೇ ಇತ್ತು."

ಹೊಸಿಲಲ್ಲಿ ನಿಂತು ಮತ್ತೊಂದು ಮಾತು ಸೇರಿಸಿದರು. "ನಾಳೆ ಬುಡನ್‌ಸಾಬರು ಗಾಡಿ ಕಟ್ತಾರೆ. ಸೊಸೆ ತುಂಬಿದ ಬಸುರಿ. ದಾರೀಲಿ ನೋವು ಬಂದ್ರೆ ಯಾರವ್ವ ದಿಕ್ಕು?"

ಚೌಡಮ್ಮ ಪಕ್ಕದ ಮನೆಯ ಕಡೆ ನೋಡಿದಳು.

ಬೆಳಗಾಯಿತು. ಮಲ್ಲೇಶಪ್ಪ ತನ್ನ ಒಲೆಯ ಕೆಂಡವನ್ನು ಕುಳ್ಳಿನ ಮೇಲಿಟ್ಟುಕೊಂಡು ಹೊರಟ. ಮೊಹರಮ್ ಬಂದಿತ್ತು. ಹಬ್ಬಕ್ಕೆ ಬುಡನ್‌ಸಾಬರು ಬೆಂಕಿ ಹಾಕುವ ಅಲಾಯಿ ಕುಣಿಗೆ ಮೊದಲ ಕೆಂಡ ಅವನ ಮನೆಯಿಂದಲೇ ಹೋಗಬೇಕು. ಅಜ್ಜನ ಕಾಲದ ಪದ್ಧತಿ. ಈ ವರ್ಷ ಕೊಡುವುದಿಲ್ಲವೆಂದು ಊರೆಲ್ಲ ಅಂದುಕೊಂಡಿತ್ತು. ಕಟ್ಟೆಯ ಮೇಲಿದ್ದವರು ಎದ್ದು ಹಿಂದೆಯೇ ಬಂದರು.

ತುಂಬಿದ ಗಾಡಿಯ ಮುಂದೆ ನಿಂತು ಅವನು ಊರಿನ ಕಡೆ ತಿರುಗಿದ. "ಸಾಬರು ಕೆಂಡ ಕೊಟ್ರು ಅಷ್ಟೇ. ಬಣವೆ ಬುಡದಾಗೆ ಇಟ್ಟು ಮರೆತೋನು ನಾನು. ಗೊತ್ತಿದ್ದೂ ಸುಮ್ಕಿದ್ದೆ."

ಬುಡನ್‌ಸಾಬರು ಅವನ ಕೈಕಟ್ಟನ್ನೇ ನೋಡಿದರು. "ಇರೋ ಒಂದು ಕೈನೂ ಸುಟ್ಕೊಂಡೀರಿ ಗೌಡ್ರೇ. ತರ್ರಿ ಇತ್ಲಾಗೆ."

ಕುಳ್ಳು ಕೈ ಬದಲಾಯಿತು. ಎತ್ತು ತರಬಾರದೆಂದು ಸಾರಿದ್ದ ಕಟ್ಟೆಯ ಕೊಟ್ರಬಸಪ್ಪನೇ ಬಂದು ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಚೌಡಮ್ಮ ಸಾಬರ ಸೊಸೆಯ ತೋಳು ಹಿಡಿದು ಇಳಿಸಿಕೊಂಡಳು. "ಇಳಿಯವ್ವಾ, ನಿಧಾನ. ನರ್ಸಮ್ಮಗೆ ಹೇಳಿ ಕಳಿಸ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಯಾರೋ ಯಾರನ್ನೋ 'ಅವರೇ ಮಾಡಿದರಂತೆ' ಎನ್ನುತ್ತಿರಬಹುದು. ಆ ಮಾತನ್ನು ಮುಂದಿನ ಮನೆಗೆ ಒಯ್ಯುವ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಿ. ನಿಜ ಗೊತ್ತಿದ್ದರೆ ಸುಮ್ಮನಿರಬೇಡಿ. ತಪ್ಪು ನಿಮ್ಮದಾದರೆ ಇವತ್ತೇ ಹೋಗಿ, ಚಾಪೆಯ ಮೇಲೆ ಕುಳಿತು ಪೂರ್ತಿ ಹೇಳಿ ಬನ್ನಿ. ಮಲ್ಲೇಶಪ್ಪ ಇನ್ನೂ ಹನ್ನೊಂದು ವರ್ಷ ಸಾಬರ ಮನೆಗೆ ಹೊಂದಿದ ಅದೇ ಗೋಡೆಯ ಆಚೆ ಬದುಕಿದ. ಊರಿನ ಮುಂದೆ ಎಲ್ಲವನ್ನೂ ಹೇಳಿದ್ದ. 'ತಪ್ಪಾಯ್ತು' ಎಂದು ಮಾತ್ರ ಬುಡನ್‌ಸಾಬರಿಗೆ ಅವನು ಒಮ್ಮೆಯೂ ಹೇಳಲಿಲ್ಲ.